ಬಾಗಿಲುವಾಡದ ದೇವರು

ಸ್ಕ್ರೂಡ್ರೈವರ್ ಬೇಕಾಗಲೇ ಇಲ್ಲ. ಬೆರಳು ತಾಗಿದ್ದೇ ತಡ, ಬಾಗಿಲುವಾಡದ ಮೇಲಿದ್ದ ಹಿತ್ತಾಳೆ ಕೊಳವೆ ಸುಪ್ರಜಾಳ ಅಂಗೈಗೆ ಬಿತ್ತು. ಕೆಳಗಿನ ಸ್ಕ್ರೂ ಸಡಿಲವಾಗಿತ್ತು. ಮೇಲಿನದು ಇರಲೇ ಇಲ್ಲ, ಬರೀ ತೂತು.

‘ಅಯ್ಯೋ ದೇವರೇ, ನೀನೇ ಹೊರಡೋಕೆ ರೆಡಿಯಾಗಿದ್ದೆಯಾ?’ ಎಂದುಕೊಂಡಳು. ಹಾಡಹಗಲಲ್ಲಿ, ತನ್ನ ಮನೆ ಬಾಗಿಲಲ್ಲೇ, ಕಳ್ಳಿಯ ಹಾಗೆ ಅತ್ತಿತ್ತ ನೋಡಿದಳು.

ಅದು ಮೆಜೂಜಾ. ದೇವರ ಮಾತು ಬರೆದ ಸುರುಳಿಯನ್ನು ಒಳಗಿಟ್ಟು ಯಹೂದಿಗಳು ಬಾಗಿಲಿಗೆ ಓರೆಯಾಗಿ ಹಚ್ಚುವ ತಾಯಿತದಂಥದ್ದು. ಉತ್ತರ ಡಾಲಸ್‌ನ ಈ ಮನೆ ಮೊದಲು ಎಸ್ಟೆಲ್ ಆಂಟಿಯದು. ಗಂಡ ತೀರಿಕೊಂಡ ಮೇಲೆ ಅವರು ಎರಡು ರಸ್ತೆ ಆಚೆ ಅಪಾರ್ಟ್‌ಮೆಂಟಿಗೆ ಹೋದರು. ಮನೆ ಮಾರುವ ಗಡಿಬಿಡಿಯಲ್ಲಿ ಮಗ ಇದನ್ನು ಬಿಚ್ಚಲು ಮರೆತ. ಮೂರು ವರ್ಷದ ಹಿಂದೆ ಅದನ್ನು ಒಯ್ಯಲೆಂದೇ ಬಂದ ಮುದುಕಿಗೆ ಕಂಡದ್ದೇನು? ಹೊಸ್ತಿಲಿಗೆ ರಂಗೋಲಿ, ಮೆಜೂಜಾಕ್ಕೆ ಅರಿಶಿನ ಕುಂಕುಮ!

“ಶುಕ್ರವಾರ ಶುಕ್ರವಾರ ಹೊಸ್ತಿಲ ಪೂಜೆ ಜೊತೆ ಇದಕ್ಕೂ ಇಡ್ತೀನಿ ಆಂಟಿ,” ಎಂದಿದ್ದಳು ಸುಪ್ರಜಾ, ತನ್ನ ಮೈಸೂರು ಇಂಗ್ಲಿಷಿನಲ್ಲಿ. “ಮನೆ ಕಾಯೋ ದೇವರು. ಕೀಳಬಾರದು, ಒಳ್ಳೇದಾಗಲ್ಲ.”

ಆಂಟಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. “ಹಾಗಾದ್ರೆ ಇಲ್ಲೇ ಇರಲಿ ಬಿಡು.” ಅಂದಿನಿಂದ ಪ್ರತಿ ಶುಕ್ರವಾರ, ತಮ್ಮ ಮನೆಯಲ್ಲಿ ಸಬ್ಬತ್‌ನ, ಅಂದರೆ ವಾರದ ವಿಶ್ರಾಂತಿ ದಿನದ, ದೀಪ ಹಚ್ಚುವ ಮೊದಲು ಇಲ್ಲಿಗೆ ಬರುತ್ತಿದ್ದರು. ಮೆಜೂಜಾ ಮುಟ್ಟಿ, ಬೆರಳಿಗೆ ಮುತ್ತಿಟ್ಟು ಹೊರಡುತ್ತಿದ್ದರು. ಬೆಲ್ ಒತ್ತುತ್ತಿರಲಿಲ್ಲ.

ಆಮೇಲೆ ಇಸ್ರೇಲಿನಲ್ಲಿ ಯುದ್ಧ ಶುರುವಾಯಿತು. ಅಲ್ಲಿರುವ ಮೊಮ್ಮಗ ನೋಆಮ್‌ಗೆ ಸೇನೆಯಿಂದ ಕರೆ ಬಂತು. ಎಂಬತ್ತೊಂದರ ಆಂಟಿ ಸುಮ್ಮನೆ ಕೂರುವ ಪೈಕಿಯಲ್ಲ. ತಮ್ಮ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ ನಿಂತು ಚೀಲಗಟ್ಟಲೆ ಸಾಕ್ಸು, ಔಷಧಿ ಕಟ್ಟಿ ಕಳಿಸಿದರು. ಸಭೆಯಲ್ಲಿ ಎದ್ದು, “ಹೆದರಿಕೊಂಡು ಯಾರೂ ಮೆಜೂಜಾ ತೆಗೀಬೇಡಿ! ಮಕ್ಕಳು ಅಲ್ಲಿ ನಿಂತಿರುವಾಗ ನಾವು ಇಲ್ಲಿ ಬಚ್ಚಿಟ್ಟುಕೊಳ್ಳೋದಾ?” ಎಂದು ಗುಡುಗಿದರು. ಟಿವಿಯಲ್ಲಿ ಅದನ್ನು ನೋಡಿ ಸುಪ್ರಜಾಗೆ ರೋಮಾಂಚನವಾಯಿತು. ಅದರ ಬೆನ್ನಿಗೇ ಯುದ್ಧದ ಎರಡೂ ಕಡೆಯ ಎಳೆಮಕ್ಕಳ ಮುಖ ತೋರಿಸಿದರು. ಟಿವಿ ಆರಿಸಿಬಿಟ್ಟಳು.

ಶುಕ್ರವಾರದ ಭೇಟಿಯ ರೀತಿಯೂ ಬದಲಾಯಿತು. ಮುಟ್ಟಿ ಹೊರಡುತ್ತಿದ್ದವರು ಈಗ ಮೆಜೂಜಾಕ್ಕೆ ಕೈ ಹಚ್ಚಿ ಐದೈದು ನಿಮಿಷ ನಿಲ್ಲುತ್ತಿದ್ದರು. ಬೆರಳ ಸಂದಿಯಲ್ಲೊಂದು ನಾಣ್ಯ. ದೀಪ ಹಚ್ಚುವ ಮೊದಲು ದಾನದ ಡಬ್ಬಿಗೆ ನಾಣ್ಯ ಹಾಕುವುದು ಅವರ ಪದ್ಧತಿ ಎಂದು ಸುಪ್ರಜಾಗೆ ಗೊತ್ತಿತ್ತು. ‘ಪಾಪ, ಮೊಮ್ಮಗನಿಗೋಸ್ಕರ ಎಷ್ಟು ಬೇಡಿಕೊಳ್ತಾರೆ’ ಎಂದು ಕಿಟಕಿಯಿಂದಲೇ ಕರಗುತ್ತಿದ್ದಳು.

ಐದು ವಾರ ಹೀಗೇ ಕಳೆಯಿತು. ವಾರವೆಲ್ಲ ಹ್ಯೂಸ್ಟನ್ ಆಫೀಸಿನಲ್ಲಿರುವ ಗಂಡ ಬದರಿನಾಥ ಬುಧವಾರ ಫೋನ್ ಮಾಡಿದ.

“ಆಸ್ಟಿನ್‌ನಲ್ಲಿ ಯಾರ್ದೋ ಮನೆ ಗಾಜಿಗೆ ಕಲ್ಲು ಹೊಡೆದ್ರಂತೆ. ಬಾಗಿಲಲ್ಲಿ ಅದೇ ಇತ್ತಂತೆ, ವಾಟ್ಸಾಪ್‌ನಲ್ಲಿ ಬಂದಿದೆ. ಮನೇಲಿ ನೀನೂ ಮಗೂನೂ ಇಬ್ಬರೇ. ತೆಗೆದುಬಿಡೇ, ಊರ ಉಸಾಬರಿ ನಮಗ್ಯಾಕೆ?”

“ಆಂಟಿಗೆ ಏನು ಹೇಳ್ಲಿ ರೀ?”

“ಏನೂ ಹೇಳ್ಬೇಡ.”

ಮಾರನೆಯ ದಿನವೇ ಕಿತ್ತಳು. ಬ್ಲೌಸ್ ಪೀಸಿನಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟಳು. ದೇವರನ್ನು ದೇವರ ಹಿಂದೆ ಬಚ್ಚಿಟ್ಟದ್ದಾಯಿತು.

ಶುಕ್ರವಾರ ಆಂಟಿ ಬಂದರು. ಸುಪ್ರಜಾ ಪರದೆಯ ಹಿಂದೆ ನಿಂತು ನೋಡಿದಳು. ಆಂಟಿಯ ಕೈ ಮೇಲೆದ್ದಿತು, ಖಾಲಿ ಮರದ ಮೇಲೆ ತಡಕಾಡಿತು. ಆಮೇಲೆ ಅವರು ಬಾಗಿಲುವಾಡಕ್ಕೆ ಹಣೆ ಆನಿಸಿ ಉದ್ದಕ್ಕೆ ಉಸಿರು ಬಿಟ್ಟರು. ಕಣ್ಣೊರೆಸಿಕೊಂಡು ಮೆಲ್ಲಗೆ ಹೊರಟುಹೋದರು.

ಅವತ್ತು ಸುಪ್ರಜಾಗೆ ತುತ್ತು ಇಳಿಯಲಿಲ್ಲ. ಶನಿವಾರವೂ ಅಷ್ಟೆ. ಆ ಹುಡುಗನಿಗೆ ಏನಾದರೂ ಆದರೆ? ಸಾವಿರ ಜನರೆದುರು ‘ಹೆದರಬೇಡಿ’ ಎಂದ ಹೆಂಗಸಿನ ಹಳೇ ಮನೆ ಬಾಗಿಲಲ್ಲೇ ತಾನು ಹೆದರಿದಳಲ್ಲ! ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ, ಇನ್ನೇನು. ಥೂ ನನ್ನ ಜನ್ಮಕ್ಕಿಷ್ಟು, ಎಂದು ತನ್ನನ್ನೇ ಉಗಿದುಕೊಂಡಳು.

ಭಾನುವಾರ ಬೆಳಿಗ್ಗೆ ಗಂಟು ಹಿಡಿದು ಹೊರಟಳು. ಆಂಟಿಯ ಬಾಗಿಲಲ್ಲಿ ನೀಲಿ-ಬಿಳಿ ಬಾವುಟ, ಪಕ್ಕದಲ್ಲಿ ಅವರದೇ ಮೆಜೂಜಾ, ಗಟ್ಟಿಯಾಗಿ ಕೂತಿತ್ತು. ಅದನ್ನು ಕಂಡು ಅವಳ ತಲೆ ಇನ್ನಷ್ಟು ತಗ್ಗಿತು.

“ನೋಆಮ್ ಈಗ ತಾನೇ ಫೋನ್ ಮಾಡಿದ್ದ. ಚೆನ್ನಾಗಿದ್ದಾನೆ,” ಎಂದರು ಆಂಟಿ ಬಾಗಿಲು ತೆರೆಯುತ್ತಲೇ.

ಸುಪ್ರಜಾಳ ಅಳು ಒಡೆಯಿತು. “ನಾನೇ ಕಿತ್ತೆ ಆಂಟಿ. ಕಲ್ಲು ಬೀಳುತ್ತೆ ಅಂತ ಹೆದರಿಕೊಂಡು ಕಿತ್ತೆ. ನನ್ನಿಂದ ತಪ್ಪಾಯ್ತು. ತಗೊಳ್ಳಿ... ಮೇಲಿನ ಸ್ಕ್ರೂ ಮಾತ್ರ ಸಿಗಲಿಲ್ಲ, ಎಲ್ಲಿ ಬಿದ್ದು ಹೋಯ್ತೋ. ಎಷ್ಟು ಹುಡುಕಿದೆ.”

ಆಂಟಿ ಗಂಟನ್ನು ಎದೆಗೊತ್ತಿಕೊಂಡು ಕುರ್ಚಿಯಲ್ಲಿ ಕುಸಿದರು.

“ಯಾರೂ ತೆಗೀಬೇಡಿ ಅಂತ ಊರಿಗೆಲ್ಲ ಕೂಗಿದವಳು ನಾನು,” ಎಂದರು. “ನಿನ್ನ ಬಾಗಿಲಲ್ಲಿ ಮಾತ್ರ ನನ್ನ ಬಾಯಿ ಕಟ್ಟಿಹೋಯ್ತು ಮಗಳೇ. ನಮ್ಮ ಗುರುತಿಗೆ ಬೀಳೋ ಕಲ್ಲು ನಿನ್ನ ಮಗು ಮೇಲೆ ಯಾಕೆ ಬೀಳಬೇಕು?”

ಆಮೇಲೆ ಪರ್ಸಿನಿಂದ ಅಂಚು ಗೀಚಿಹೋಗಿದ್ದ ಒಂದು ನಾಣ್ಯವನ್ನೂ ಒಂದು ಪುಟ್ಟ ಸ್ಕ್ರೂವನ್ನೂ ತೆಗೆದು ಮೇಜಿನ ಮೇಲಿಟ್ಟರು; ಸ್ಕ್ರೂವಿನ ತಲೆಗೆ ಸುಪ್ರಜಾ ಹಚ್ಚಿದ್ದ ಕುಂಕುಮ ಇನ್ನೂ ಅಂಟಿಕೊಂಡಿತ್ತು.