ಮೂರನೇ ಸಾಲಿನ ಪಿಟೀಲು

“ಹನ್ನೆರಡು ಪಿಟೀಲು ಒಟ್ಟಿಗೆ ನುಡೀತಿದಾವಲ್ಲ ಮಾರಾಯ್ರೆ, ಇದ್ರಲ್ಲಿ ನೀವು ಯಾರು?” ಎಂದರು ಓಂಕಾರಪ್ಪ. ಶಿವಮೊಗ್ಗದ ಕಚೇರಿಯೊಂದರಲ್ಲಿ ಅವರು ಕಲಾವಿದರ ಮಾಸಾಶನಕ್ಕೆ ಸಂದರ್ಶನ ನಡೆಸುತ್ತಿದ್ದರು. ಮೇಜಿನ ಮೇಲಿನ ಮೊಬೈಲಿನಲ್ಲಿ ಹಳೆಯ ಸಿನಿಮಾ ಹಾಡು ಓಡುತ್ತಿತ್ತು.

“ಮೂರನೇ ಸಾಲಲ್ಲಿ ಕೂತಿದ್ದೆ ಸಾರ್. ಒಬ್ಬೊಬ್ಬರದು ಬೇರೆ ಕೇಳಿಸಬಾರದು,” ಭದ್ರಾವತಿಯಿಂದ ಬಂದಿದ್ದ ಏಕಾಂತಪ್ಪ ಹೇಳಿದರು. “ಕೇಳಿಸಿದ್ರೆ ಮಾರನೇ ದಿನ ಕರೀತಿರ್ಲಿಲ್ಲ.”

“ಕ್ಯಾಸೆಟ್ ಮೇಲೆ ಹೆಸರಾದ್ರೂ?”

“ಪಿಟೀಲು, ವೃಂದ ಅಂತಿದೆ.”

“ವೃಂದಕ್ಕೆ ಮಾಸಾಶನ ಕೊಡಕ್ಕಾಗುತ್ತಾ? ಒಂದು ನಿಮಿಷ ನುಡಿಸಿ ತೋರಿಸ್ಬಿಡಿ, ಮುಗೀತು.”

ಏಕಾಂತಪ್ಪ ತಮ್ಮ ಎಡಗೈಯನ್ನು ಬಲಗೈಯಿಂದ ಎತ್ತಿ ಮೇಜಿನ ಮೇಲಿಟ್ಟರು. ಲಕ್ವ ಹೊಡೆದ ಆ ಬೆರಳುಗಳು ಎರಡು ವರ್ಷದಿಂದ ಮಡಚುತ್ತಿರಲಿಲ್ಲ. “ಹಾಡಿನ ನಡುವಿನ ಸಂಗೀತ ಬರೆದದ್ದೂ ನಾನೇ ಸಾರ್. ಸ್ವರದ ಹಾಳೆಗಳನ್ನ ಸಂಗೀತ ನಿರ್ದೇಶಕರು ಇಟ್ಕೊಂಡ್ರು.”

“ಬೆಳಿಗ್ಗೆಯಿಂದ ನಾಲ್ಕು ಜನ ಇಡೀ ಸಿನಿಮಾನೇ ನಮ್ದು ಅಂದು ಹೋದ್ರು.” ಓಂಕಾರಪ್ಪ ತಿರಸ್ಕರಿಸಿದ ಅರ್ಜಿಗಳ ಕಟ್ಟಿನ ಕಡೆಗೆ ಈ ಅರ್ಜಿಯನ್ನೂ ಸರಿಸಿದರು.

ಏಕಾಂತಪ್ಪ ಎದ್ದು ನಿಂತರು. ಮೂವತ್ತೊಂದು ವರ್ಷ ಹೆಂಡತಿಗೂ ಹೇಳಿರದ ಮಾತನ್ನು ಈಗ ಹೇಳಿದರು. “ಎರಡನೇ ಚರಣಕ್ಕೆ ಮುಂಚೆ ಪಿಟೀಲೆಲ್ಲ ಒಟ್ಟಿಗೆ ನಿಲ್ತವೆ. ಒಂದು ಮಾತ್ರ ನಿಲ್ಲಲ್ಲ, ಕೂದಲೆಳೆಯಷ್ಟು ಮುಂದೆ ಹೋಗುತ್ತೆ. ಅದು ನಾನು. ಅಲ್ಲಿ ನಿಲ್ಲಿಸಿ ಅಂತ ಬರೆದವನೂ ನಾನೇ, ನಿಲ್ಲಿಸದೆ ಹೋದವನೂ ನಾನೇ. ಅವತ್ತು ಯಾರಿಗೂ ಗೊತ್ತಾಗ್ಲಿಲ್ಲ. ನಾನು ಬಾಯಿ ಬಿಡ್ಲಿಲ್ಲ.”

ಓಂಕಾರಪ್ಪ ವಿದ್ಯಾನಗರದಲ್ಲಿ ಬಹಳ ಕಾಲ ಸಂಗೀತದ ಪಾಠ ಹೇಳಿದವರು. ಮೊಬೈಲನ್ನು ಕಿವಿಗೊತ್ತಿ ಕಣ್ಣು ಮುಚ್ಚಿದರು. ಹಿಂದಕ್ಕೆ ಓಡಿಸಿ ಮತ್ತೆ ಕೇಳಿದರು. ಮೂರನೇ ಸಲಕ್ಕೆ ಹುಬ್ಬು ಮೇಲೇರಿತು.

“ಅರೆ, ಹೌದಲ್ರೀ! ಒಂದೇ ಒಂದು ಪಿಟೀಲು. ಎಷ್ಟು ಸ್ಪಷ್ಟವಾಗಿದೆ!”

ಏಕಾಂತಪ್ಪ ಮತ್ತೆ ಕುರ್ಚಿಯಲ್ಲಿ ಕೂತರು.

“ಇದು ನೀವೇ, ಒಪ್ಕೊಂಡೆ. ಸುಳ್ಳು ಹೇಳೋರು ಯಾರೂ ತಮ್ಮ ತಪ್ಪನ್ನ ಹುಡುಕಿ ತೋರ್ಸಲ್ಲ.” ಓಂಕಾರಪ್ಪ ಅರ್ಜಿಯನ್ನು ವಾಪಸ್ಸು ಎಳೆದುಕೊಂಡು ಬರೆಯತೊಡಗಿದರು. ಅರ್ಧಕ್ಕೆ ಪೆನ್ನು ನಿಂತಿತು. “ಆದ್ರೆ ಇಲ್ಲಿ ಗುಣಮಟ್ಟ ಅಂತ ಒಂದು ಕಾಲಂ ಇದೆ. ನಿಮ್ಮದು ಅಂತ ನಾನು ಕೇಳಿದ್ದು ಇದಿಷ್ಟೇ. ಕೇಳಿದ್ದನ್ನ ತಾನೇ ಬರೀಬೇಕು?”

ಅವರು ಬರೆದ ಎರಡು ಪದಗಳನ್ನು ಏಕಾಂತಪ್ಪ ಎದುರಿನಿಂದಲೇ, ತಲೆಕೆಳಗಾಗಿ ಓದಿದರು: ತಾಳ ತಪ್ಪುತ್ತಾರೆ.

ಹೊರಗೆ ಬೆಂಚಿನ ಮೇಲಿದ್ದ ಹೆಂಡತಿ ಬಸವರಾಜೇಶ್ವರಿ ಚೀಲ ಹಿಡಿದು ಎದ್ದರು. “ಏನಂತೆ? ಅಷ್ಟು ಜನದ ಮಧ್ಯೆ ನಿಮ್ಮದು ಕೇಳಿಸ್ತಂತಾ?”

“ನಂದು ಮಾತ್ರ ಕೇಳಿಸ್ತಂತೆ,” ಎಂದರು ಏಕಾಂತಪ್ಪ.