ಎಡಗಡೆಯ ಟೈರು

ಈ ಸಲವೂ ಎಡಗಡೆಯ ಟೈರುಗಳೇ ಸವೆದಿದ್ದವು. ಮೆಕ್ಯಾನಿಕ್ ತಲೆ ಕೆರೆದುಕೊಂಡ.

“ಅಲೈನ್‌ಮೆಂಟ್ ಸರಿಯಾಗೇ ಇದೆ. ಗಾಡಿ ಎಲ್ಲಿ ಓಡಿಸ್ತೀರಮ್ಮ?”

“ನನಗೆ ಮಂಡಿನೋವು, ನಡೆಯೋಕಾಗಲ್ಲ. ಮಗಳ ಹೆರಿಗೆ ಸುಸೂತ್ರ ಆಗ್ಲಿ ಅಂತ ಹರಕೆ. ಅದಕ್ಕೇ ದಿನಾ ಬೆಳಿಗ್ಗೆ ಇವರು ಕಾರಲ್ಲೇ ಅಶ್ವತ್ಥಕಟ್ಟೆಗೆ ಪ್ರದಕ್ಷಿಣೆ ಹಾಕಿಸ್ತಾರೆ.”

“ಅಲ್ಲಿದೆ ನೋಡಿ! ಬರೀ ಬಲಕ್ಕೇ ತಿರುಗಿದ್ರೆ ಭಾರವೆಲ್ಲ ಎಡಗಡೆ ಚಕ್ರದ ಮೇಲೆ ಬೀಳುತ್ತೆ. ಅಷ್ಟೇ ಸುತ್ತು ಎಡಕ್ಕೂ ಹಾಕಿ.”

“ಅಯ್ಯಯ್ಯೋ, ಅಪ್ರದಕ್ಷಿಣೆಯೇ! ಹರಕೆ ಕೆಟ್ಟುಹೋಗುತ್ತಪ್ಪಾ,” ಎಂದೆ. ಪಕ್ಕದಲ್ಲಿದ್ದ ನಮ್ಮ ಯಜಮಾನರು ಗಲ್ಲಗಲ್ಲ ಬಡಿದುಕೊಂಡರು.

ಅವನು ಕೈಯ ಗ್ರೀಸು ಒರೆಸಿಕೊಂಡು, ಕಾರಿನ ಕೀಗಾಗಿ ಕೈ ಚಾಚಿದ.

“ಹಾಗಾದ್ರೆ ಸಂಜೆ ಹೊತ್ತು ನಾನೇ ತಿರುಗಿಸ್ತೀನಿ ಬಿಡಿ ಅಮ್ಮ. ಮೆಕ್ಕಾದಲ್ಲಿ ನಾವು ಸುತ್ತೋದೇ ಎಡಕ್ಕೆ.”