ಹಳೆಯ ದೊರೆಯ ಹೊನ್ನು

ದೊರೆಗಳ ವಿಚಾರ ಹೇಳುವ ಯೋಗ್ಯತೆ ನನಗಿಲ್ಲ, ತಪ್ಪಿದ್ದರೆ ಮನ್ನಿಸಿ.

ಕೋಟೆಯ ಹೊರಗೆ ಶತ್ರುಗಳಿದ್ದರು. ಸಂಬಳ ಸಿಗದಿದ್ದರೆ ಸಂಜೆಯೊಳಗೆ ಹೊರಡುತ್ತೇವೆಂದು ಸೈನಿಕರು ಹೇಳಿಬಿಟ್ಟಿದ್ದರು.

"ಅಪ್ಪಾಜಿಯ ಸಮಾಧಿ ಗದ್ದುಗೆ ತೆರೆಸಿ," ಎಂದ ಎಳೆಯ ದೊರೆ.

ಬೊಕ್ಕಸದ ಮುದುಕ ಕೈಮುಗಿದ. ಹಳೆಯ ದೊರೆಯನ್ನು ಕೂರಿಸಿ ಸಮಾಧಿ ಮಾಡಿದ ದಿನ, ಸಂಪ್ರದಾಯದಂತೆ ಮಡಿಲಿಗೆ ಸಾವಿರ ಹೊನ್ನು ಸುರಿದವನು ಅವನೇ.

"ಬದುಕಿದ್ದಾಗಲೇ ಕಾಸು ಬಿಚ್ಚದೋರು, ಬುದ್ಧಿ. ಈಗ ಕಿತ್ಕೊಂಡ್ರೆ ಸುಮ್ನಿರ್ತಾರಾ?"

"ಪಾಪ ನನಗಿರಲಿ. ನೀವು ಹೋಗಿ."

ಸಮಾಧಿಯ ಬಾಗಿಲ ಕಲ್ಲಿನ ಗಾರೆ ಎಲ್ಲೂ ಬಿರಿದಿರಲಿಲ್ಲ. ಅದನ್ನು ಒಡೆಸಿ, ಮುದುಕ ಒಳಗೆ ದೀಪ ಹಿಡಿದ. ಹಳೆಯ ದೊರೆ ಕೂತಲ್ಲೇ ಕೂತಿದ್ದರು, ಮಡಿಲು ಬರಿದಾಗಿತ್ತು.

ಹೊನ್ನೆಲ್ಲ ಅವರು ಹೊದ್ದಿದ್ದ ಶಾಲಿನಲ್ಲಿ ಗಂಟಾಗಿ, ಒಯ್ಯಲು ಸಿದ್ಧವಾಗಿ, ಹೊಸ್ತಿಲ ಒಳಗೆ ಕಾದಿತ್ತು. ಕಟ್ಟಿಟ್ಟವರು ಯಾರೋ, ನನಗೆ ತಿಳಿಯದು.